ಹತ್ತನೇ ತಾರೀಖಿನ ಲೆಕ್ಕ

ಗುತ್ತಲು ರಸ್ತೆಯ ಟೈರಿನಂಗಡಿಯ ಮೇಲೆ
ನಮ್ಮದೊಂದು ಕೋಣೆ. ಒಳಗೆ ವರ್ಷವಿಡೀ ಮಾಗಿ ಚಳಿ,
ಎರಡು ಕಪಾಟಿನ ತುಂಬ ಗುಂಯ್‌ಗುಡುವ ಯಂತ್ರಗಳು.
ಹೊರಗೆ ಕಬ್ಬಿನ ಲಾರಿ, ಕಾಕಂಬಿಯ ವಾಸನೆ.

ಬೆಲ್ಲದ ಮಂಡಿಯ ಖಾತೆ, ಪಾಂಡವಪುರದ ಅಕ್ಕಿಗಿರಣಿಯ ದಾಸ್ತಾನು,
ಹೆರಿಗೆ ಆಸ್ಪತ್ರೆಯ ರಾತ್ರಿಪಾಳಿ
ಎಲ್ಲ ಇಲ್ಲೇ ಉಸಿರಾಡುತ್ತವೆ.
ಯಂತ್ರ ನಮ್ಮದು. ಕರೆಂಟಿನ ಬಿಲ್ಲೂ ನಮ್ಮದೇ.
ಒಳಗೆ ಓಡುವ ಸಾಫ್ಟ್‌ವೇರು ಮಾತ್ರ
ಎಲ್ಲೋ ಕಡಲಾಚೆಯವರದು;
ನಾವು ಗೇಣಿಗೆ ಹಿಡಿದು ಬಾಡಿಗೆಗೆ ಬಿಡುವವರು.

ನನ್ನ ಕೆಲಸ ತಲೆ ಎಣಿಸುವುದು.
ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ
ಎಷ್ಟು ಜನ ಅಂತ ಬರೆದು ಕಳಿಸಬೇಕು.
ಬಂದವರೆಷ್ಟು ಅಂತಲ್ಲ,
ಬರಬಹುದಾದವರೆಷ್ಟು ಅಂತ.
ಉಂಡವರ ಲೆಕ್ಕವಿಲ್ಲ, ಹಾಸಿದ ಎಲೆಗೆ ದುಡ್ಡು.
ಯಾರೂ ಇಲ್ಲದಿದ್ದರೆ ಸೊನ್ನೆ ಬರೆದು
ಸೊನ್ನೆಗೂ ಸಹಿ ಹಾಕಬೇಕು.
ಯಂತ್ರದ ಕೋರ್ ನಾಲ್ಕೇ ಇದ್ದರೂ ಎಂಟಕ್ಕೆ ಕೊಡಬೇಕು:
ಅದು ಹೇಗಮ್ಮ ಅಂತ ಮಾಲೀಕರು ಮರಿಸ್ವಾಮಪ್ಪ ಕೇಳಿದಾಗೆಲ್ಲ
ಕರಾರಿನ ನಲವತ್ತೊಂದನೇ ಪುಟ ತೋರಿಸುತ್ತೇನೆ.
ಕನ್ನಡಕ ಒರೆಸುತ್ತಾರೆ, ಓದುವುದಿಲ್ಲ.

ಅದೇ ಪುಟದ ಕೊನೆಗೆ ಇನ್ನೊಂದು ಸಾಲು:
ಇದು ಪರರ ಸೇವೆಗೆ ಮಾತ್ರ,
ನಿಮ್ಮ ಸ್ವಂತ ಬಳಕೆಗೆ ಬೇರೆ ಲೈಸೆನ್ಸು.
ಹಾಗಾಗಿ ಊರಿನ ಲೆಕ್ಕವೆಲ್ಲ ಕಾಯುವ ನಾವು
ನಮ್ಮ ಲೆಕ್ಕ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತೇವೆ.
ನಮ್ಮ ತಾತ ನೀರುಗಂಟಿ. ನಾಲೆಯ ತೂಬು ಎತ್ತಿ
ನಲವತ್ತು ಗದ್ದೆಗೆ ಸರದಿ ತಪ್ಪದೆ ನೀರು ಬಿಟ್ಟವನು.
ಅವನಿಗೊಂದು ಗುಂಟೆಯೂ ಇರಲಿಲ್ಲ.
ಕಾಲು ಮಾತ್ರ ಯಾವಾಗಲೂ ಒದ್ದೆ.

ಆಸ್ಪತ್ರೆಯ ಪಟ್ಟಿಯಲ್ಲಿ ಒಂದೇ ಹೆಸರು: ನರ್ಸ್ ಒಂದು.
ಬೆಳಗಿನ ಆರಕ್ಕೆ ನರ್ಸ್ ಒಂದು, ನಡುರಾತ್ರಿ ನರ್ಸ್ ಒಂದು,
ಮೂರು ವರ್ಷದಿಂದ ನಿದ್ದೆಯಿಲ್ಲ, ರಜೆಯಿಲ್ಲ.
"ಒಂದು ಅಂದರೆ ಒಂದು ಅಂತಲೇ ಬರಿ" ಅಂದಿದ್ದರು ಮಾಲೀಕರು.
ಚೆನ್ನೈಯಿಂದ ತಪಾಸಣೆಗೆ ಬಂದವನು
ಬಿಸಿ ಕಾಫಿಗೆ ಊದುತ್ತಾ ಮೆಲ್ಲಗೆ ಕೇಳಿದ:
"ಇವರಿಗೆ ಎಷ್ಟು ಕೈ?"

ಸಂಜೆ ನಾನೇ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತು
ಹೆಸರು ಬರೆದುಕೊಂಡೆ.
ಭಾಗೀರಥಿ. ಶಾಕಿರಾ. ಸಗಾಯಮೇರಿ. ಇಬ್ಬರು ಚಿಕ್ಕತಾಯಮ್ಮ.
ಕೆರಗೋಡು ಬಸ್ಸಿಗೆ ಓಡುತ್ತಿದ್ದ ಹೊಂಬಾಳಮ್ಮ.
ಏಳನೆಯವಳು ಕೈ ತೊಳೆಯುತ್ತಿದ್ದಳು, ತಿರುಗದೆಯೇ ಅಂದಳು:
"ಪುಟ್ಟಲಿಂಗಿ ಅಂತ ಬರ್ಕೊಳಿ.
ಸೂಜಿ ತಪ್ಪಾದ್ರೆ ಮಾತ್ರ ಯಾರು ಯಾರು ಅಂತ ಹುಡುಕ್ತಾರೆ.
ನಾನು ಕೈಯಾರ ಎತ್ಕೊಂಡ ಕೂಸೆಲ್ಲ
ನರ್ಸ್ ಒಂದರ ಹೆಸರಲ್ಲೇ ಅವೆ."

ಏಳು ಅಂತ ಬರೆದೆ.
ಬಿಟ್ಟುಹೋದ ಆರು ತಲೆಗೆ ಮೂವತ್ತಾರು ತಿಂಗಳ ಬಾಕಿ,
ಮೇಲೆ ದಂಡ.
ಮಾಲೀಕರು ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಚೆಕ್ಕಿಗೆ ಸಹಿ ಹಾಕಿ
ಪೆನ್ನನ್ನು ನನ್ನ ಮೇಜಿನ ಮೇಲೇ ಬಿಟ್ಟುಹೋದರು.

ಹೆಸರಿಗೆ ಬೆಲೆ ಕಟ್ಟಲಾಗದು ಅನ್ನುತ್ತಾರೆ.
ಕಟ್ಟಿದ್ದಾರೆ; ತಿಂಗಳಿಗಿಷ್ಟು, ತೆರಿಗೆ ಬೇರೆ.

ಮೊನ್ನೆ ಆಸ್ಪತ್ರೆಯಿಂದ ಚೀಟಿ ಬಂತು:
ಖರ್ಚು ಜಾಸ್ತಿಯಾಯಿತು, ಎರಡು ಹೆಸರು ತೆಗೆಯಿರಿ.
ಯಾವ ಎರಡು ಅಂತ ಬರೆದಿರಲಿಲ್ಲ.
ಫೋನು ಮಾಡಿದೆ. "ಯಾವುದಾದರೂ, ನೀವೇ ನೋಡಿ" ಅಂದರು.

ಇವತ್ತು ಒಂಬತ್ತು.
ಪಟ್ಟಿ ತೆರೆದಿದೆ, ಒಬ್ಬಳ ಕೆಳಗೊಬ್ಬಳು ಚಿಕ್ಕತಾಯಮ್ಮಂದಿರು.
ರಾತ್ರಿ ಹನ್ನೊಂದೂಕಾಲಕ್ಕೆ
ಪುಟ್ಟಲಿಂಗಿಯ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ತಿತು.
ಏನು ಬರೆಯುತ್ತಿದ್ದಾಳೋ ನನಗೆ ಕಾಣುವುದಿಲ್ಲ,
ಕಾಣಲೂ ಬಾರದು.
ಅದು ಆರುವ ತನಕ ಕೂತಿರುತ್ತೇನೆ.